ಸತ್ಯವೇದವನ್ನು ತಾನೇ ಓದುವವನ ಹೊಣೆ



ನಮ್ಮ ಗ್ರಾಮಸಭೆಗಳಲ್ಲಿ ಆಗಾಗ್ಗೆ ಏಳುವ ಒಂದು ಪ್ರಶ್ನೆಯನ್ನು ಈ ಸಾರೆ ನಿಮ್ಮ ಮುಂದೆ ಇಡುವೆನು. ಅಕ್ಷರ ಬಲ್ಲ ಒಬ್ಬ ಸಾಧಾರಣ ರೈತನು, ಇಲ್ಲವೆ ಕೂಲಿಮಾಡುವ ಒಬ್ಬ ಹೆಣ್ಣುಮಗಳು, ಉಪದೇಶಿಯ ಸಹಾಯವಿಲ್ಲದೆ ಮನೆಯಲ್ಲಿ ಕೂತು ಸತ್ಯವೇದವನ್ನು ತಾನೇ ಓದಿ, ಅದರ ಅರ್ಥವನ್ನು ತಾನೇ ತಿಳುಕೊಂಡು, ಆ ತಿಳುವಳಿಕೆಯಂತೆ ನಡೆಯಬಹುದೋ? ಹಾಗೆ ನಡೆದದ್ದರಲ್ಲಿ ತಪ್ಪಾದರೆ ಅದರ ಲೆಕ್ಕವನ್ನು ಯಾರು ಒಪ್ಪಿಸಬೇಕು?

ಇದಕ್ಕೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಕೇಳಬರುತ್ತವೆ. ಕೆಲವರು, "ನಾವು ಎಷ್ಟರವರು? ಅರ್ಥ ಹೇಳುವದು ಅಯ್ಯನವರ ಕೆಲಸ, ಕೇಳುವದು ನಮ್ಮ ಕೆಲಸ" ಅನ್ನುತ್ತಾರೆ. ಬೇರೆ ಕೆಲವರು, "ನನ್ನ ಕೈಯಲ್ಲಿ ಪುಸ್ತಕವಿದೆ, ನನ್ನೊಳಗೆ ಆತ್ಮನಿದ್ದಾನೆ, ಮತ್ತೊಬ್ಬರ ಮಾತು ನನಗೆ ಯಾತಕ್ಕೆ?" ಅನ್ನುತ್ತಾರೆ. ಈ ದಿವಸಗಳಲ್ಲಿ ಮೂರನೆಯ ಬಗೆಯವರೂ ಹುಟ್ಟಿದ್ದಾರೆ. ಅವರು ಪುಸ್ತಕವನ್ನು ತೆರೆಯುವದೂ ಇಲ್ಲ, ಉಪದೇಶಿಯನ್ನು ಕೇಳುವದೂ ಇಲ್ಲ. ಮೊಬೈಲಿನಲ್ಲಿ ಯಾವ ಊರಿನವನೋ ಗಟ್ಟಿಯಾಗಿ ಕೂಗಿ ಹೇಳಿದ ಅರ್ಥವೇ ಅವರಿಗೆ ಸಾಕು. ಮೊದಲನೆಯವರು ದೀನರಂತೆಯೂ ಎರಡನೆಯವರು ಧೈರ್ಯಶಾಲಿಗಳಂತೆಯೂ ಕಾಣುತ್ತಾರೆ. ಆದಾಗ್ಯೂ ದೀನತೆಯ ಹೊದಿಕೆಯೊಳಗೆ ಸೋಮಾರಿತನವು ಮಲಗಿರಬಹುದು, ಧೈರ್ಯದ ಹೊದಿಕೆಯೊಳಗೆ ಅಹಂಕಾರವು ಅಡಗಿರಬಹುದು. ಆದಕಾರಣ ಈ ಸಂಗತಿಯನ್ನು ಸ್ವಲ್ಪ ತಾಳ್ಮೆಯಿಂದ ವಿಚಾರಿಸೋಣ.

ಸತ್ಯವೇದವೇ ಇದಕ್ಕೆ ಎರಡು ದೃಷ್ಟಾಂತಗಳನ್ನು ಕೊಡುತ್ತದೆ. ಅಪೊಸ್ತಲರ ಕೃತ್ಯಗಳ ೮ನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿಯು ರಥದಲ್ಲಿ ಕೂತು ಯೆಶಾಯನ ಗ್ರಂಥವನ್ನು ಓದುತ್ತಿದ್ದನು. ಅವನು ದೊಡ್ಡ ಅಧಿಕಾರಿ, ಓದುಬಲ್ಲವನು. ಆದರೂ ಫಿಲಿಪ್ಪನು ಹತ್ತಿರ ಬಂದು ಕೇಳಿದಾಗ, ದಾರಿ ತೋರಿಸುವವನಿಲ್ಲದೆ ತನಗೆ ಹೇಗೆ ತಿಳಿದೀತೆಂದು ಒಪ್ಪಿಕೊಂಡು, ಅವನನ್ನು ರಥಕ್ಕೆ ಹತ್ತಿಸಿಕೊಂಡನು. ಅದೇ ಗ್ರಂಥದ ೧೭ನೆಯ ಅಧ್ಯಾಯದಲ್ಲಿ ಬೆರೋಯದ ಜನರು ಪೌಲನಂಥ ಅಪೊಸ್ತಲನ ಮಾತನ್ನೂ ಕೇಳಿ ಸುಮ್ಮನಾಗದೆ, ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರವನ್ನು ಶೋಧಿಸಿದರು; ಅದಕ್ಕಾಗಿ ಅವರಿಗೆ ಬೈಗಳವಲ್ಲ, ಹೊಗಳಿಕೆಯೇ ಬಂತು. ಒಬ್ಬನು ಕೇಳಿ ತಿಳುಕೊಂಡನು, ಇವರು ಶೋಧಿಸಿ ತಿಳುಕೊಂಡರು. ಅಲ್ಲದೆ ಇನ್ನೊಂದನ್ನು ಗಮನಿಸಿರಿ: ಕಂಚುಕಿಯು ಫಿಲಿಪ್ಪನು ಬರುವದಕ್ಕೆ ಮುಂಚೆಯೇ ಪುಸ್ತಕವನ್ನು ತೆರೆದಿದ್ದನು. ಮುಚ್ಚಿದ ಪುಸ್ತಕದ ಬಳಿಗೆ ಫಿಲಿಪ್ಪನು ಬಂದಿದ್ದರೆ ಅವರಿಬ್ಬರಿಗೂ ಮಾತಾಡುವದಕ್ಕೆ ಏನಿತ್ತು?

ನಮ್ಮ ಸೀಮೆಯ ಜನರಿಗೆ ಗುರುವಿಲ್ಲದ ವಿದ್ಯೆಯ ಮೇಲೆ ನಂಬಿಕೆ ಕಡಿಮೆ. ಇದು ಹಳೆಯ ಮರ್ಯಾದೆ. ನಮ್ಮ ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರ ಬಳಿಗೆ ಶಿಶುವಿನಹಾಳದ ಶರೀಫರು ಹೋಗಿ ಶಿಷ್ಯರಾದ ಸಂಗತಿಯನ್ನು ಕುಬಿಹಾಳದ ಕಟ್ಟೆಯ ಮೇಲೆ ಕೂತ ಮುದುಕರೆಲ್ಲರೂ ಬಲ್ಲರು. ೧೮೧೯ರಿಂದ ೧೮೮೯ರ ವರೆಗೆ ಬಾಳಿದ ಆ ಶರೀಫರು ಜಾತಿಯ ಬೇಲಿಯನ್ನು ದಾಟಿದರು, ಆದರೆ ಗುರುವನ್ನು ಬಿಡಲಿಲ್ಲ. ಇಂಥ ನಾಡಿನಲ್ಲಿ ನಮ್ಮ ಹಿರಿಯರು ಕ್ರೈಸ್ತರಾದಾಗ, ಗುರುವಿನ ಗದ್ದುಗೆಯ ಮೇಲೆ ಉಪದೇಶಿಯನ್ನು ಕೂಡ್ರಿಸಿದರೆಂಬುದು ಆಶ್ಚರ್ಯವಲ್ಲ. ಗೌರವ ಒಳ್ಳೇದೇ. ಆದರೆ ಗುರುವು ಉಂಡರೆ ಶಿಷ್ಯನ ಹೊಟ್ಟೆ ತುಂಬುವದಿಲ್ಲ.

ಇನ್ನು, ನಮ್ಮ ಬಳಿಗೆ ಸುವಾರ್ತೆಯನ್ನು ತಂದವರು ಎಂಥವರೆಂದು ನೆನಸಿರಿ. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೂ ೧೮೩೭ರಲ್ಲಿ ಧಾರವಾಡಕ್ಕೂ ೧೮೩೯ರಲ್ಲಿ ಹುಬ್ಬಳ್ಳಿಗೂ ಬಂದರು. ಅವರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಅನೇಕರು ರೈತರ ಮತ್ತು ಕಸಬುದಾರರ ಮಕ್ಕಳು. ಆ ಸೀಮೆಯ ಹಳ್ಳಿಗಳಲ್ಲಿ ಬೇಸಾಯಗಾರರೂ ನೇಕಾರರೂ ಒಬ್ಬರ ಮನೆಯಲ್ಲಿ ಕೂಡಿ, ಪಾದ್ರಿಯ ಪೀಠವಿಲ್ಲದೆ, ಸತ್ಯವೇದವನ್ನು ಓದಿ ಒಬ್ಬರಿಗೊಬ್ಬರು ಬಿಚ್ಚಿ ಹೇಳುವ ರೂಢಿಯಿತ್ತು. ಇಂಥ ಕೂಟಗಳ ಬಗ್ಗೆ ಮೊದಲು ಅನುಮಾನವಿದ್ದರೂ ೧೭೪೩ರಲ್ಲಿ ಅಲ್ಲಿಯ ಸರಕಾರವು ಒಂದು ಆಜ್ಞೆಯ ಮೂಲಕ, ಕೆಲವು ನಿಬಂಧನೆಗಳೊಂದಿಗೆ, ಅವುಗಳಿಗೆ ಅನುಮತಿ ಕೊಟ್ಟಿತು. ಹೀಗಿರಲಾಗಿ ಸಾಧಾರಣ ಜನರು ತಾವೇ ವೇದವನ್ನು ಓದುವದು ನಮ್ಮ ಸಭೆಗೆ ಹೊರಗಿನ ಸಂಗತಿಯಲ್ಲ. ಅದು ನಮಗೆ ಸುವಾರ್ತೆ ತಂದವರ ಮನೆಯ ರೂಢಿಯೇ.

ಆದರೆ "ನಾನೊಬ್ಬನೇ ಓದುತ್ತೇನೆ" ಎಂದು ಹೇಳುವವನು ತನ್ನ ಕೈಯಲ್ಲಿರುವ ಪುಸ್ತಕವನ್ನು ಒಮ್ಮೆ ನೋಡಲಿ. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸನು ೧೮೧೦ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಅ ಆ ದಿಂದ ಕಲಿತು, ಈ ದೇಶದ ಪಂಡಿತರ ಸಹಾಯದಿಂದಲೂ ಜತೆಯವರ ಸಹಾಯದಿಂದಲೂ ಇಪ್ಪತ್ತು ವರ್ಷ ದುಡಿದ ಮೇಲೆ, ೧೮೩೧ರಲ್ಲಿ ಇಡೀ ಸತ್ಯವೇದವು ಕನ್ನಡದಲ್ಲಿ ಸಿದ್ಧವಾಯಿತು. ಬಳಿಕ ಬಾಸೆಲ್ ಮಿಶನಿನ ವೈಗ್ಲೆಯೇ ಮೊದಲಾದವರು ಕೂಡಿ ಕೂತು ಆ ಭಾಷಾಂತರವನ್ನು ತಿದ್ದಿದರು. ಅವರ ತರುವಾಯವೂ ತಿದ್ದುವ ಕೆಲಸ ನಡೆಯಿತು. ನಾವು ಓದುವ ಒಂದೊಂದು ಮಾತಿನ ಹಿಂದೆ ಇಷ್ಟು ಮಂದಿಯ ಬೆವರೂ ವಾದವೂ ಪ್ರಾರ್ಥನೆಯೂ ಇದೆ. ಒಂಟಿಯಾಗಿ ಓದುವವನೂ ನಿಜವಾಗಿ ಒಂಟಿಯಾಗಿಲ್ಲ. ಅವನು ಅರಿಯದವರ ಹೆಗಲ ಮೇಲೆ ಕೂತು ಓದುತ್ತಾನೆ.

ಈ ಪ್ರಶ್ನೆಯನ್ನು ನಮಗಿಂತ ಮುಂಚೆ ಬಹಳ ಕಷ್ಟಪಟ್ಟು ಯೋಚಿಸಿದ ಒಂದು ಚಿಕ್ಕ ಸಭೆಯುಂಟು. ಅವರನ್ನು ಕ್ವೇಕರರೆಂದು ಕರೆಯುತ್ತಾರೆ. ಅವರು ತಮ್ಮನ್ನು ಮಿತ್ರರೆಂದು ಕರೆದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ೧೬೨೪ರಲ್ಲಿ ಒಬ್ಬ ನೇಕಾರನ ಮನೆಯಲ್ಲಿ ಹುಟ್ಟಿ, ಜೋಡು ಹೊಲಿಯುವವನ ಬಳಿ ಕೆಲಸ ಕಲಿತ ಜಾರ್ಜ್ ಫಾಕ್ಸ್ ಎಂಬವನಿಂದ ಆ ಸಭೆಯು ಆರಂಭವಾಯಿತು. ಅವನು ಯೌವನದಲ್ಲಿ ಮನಃಶಾಂತಿಗಾಗಿ ಪಾದ್ರಿಯಿಂದ ಪಾದ್ರಿಗೆ ಅಲೆದನು, ಯಾರಿಂದಲೂ ಆಗಲಿಲ್ಲ. ಕಡೆಗೆ ೧೬೪೭ರ ಸುಮಾರಿಗೆ ಕ್ರಿಸ್ತನೇ ತನ್ನ ಅಂತರಂಗದಲ್ಲಿ ಮಾತಾಡಬಲ್ಲನೆಂಬ ನಿಶ್ಚಯ ಅವನಿಗೆ ಉಂಟಾಯಿತು. ಲೋಕಕ್ಕೆ ಬರುವ ಪ್ರತಿ ಮನುಷ್ಯನನ್ನು ಬೆಳಗಿಸುವ ಬೆಳಕಿನ ವಿಷಯವಾಗಿ ಯೋಹಾನನ ಸುವಾರ್ತೆಯ ೧ನೆಯ ಅಧ್ಯಾಯದ ೯ನೆಯ ವಚನದಲ್ಲಿ ಬರೆದದೆಯಲ್ಲಾ, ಅದನ್ನೇ ಅವರು ತಮ್ಮ ಬೋಧನೆಗೆ ಬುಡವಾಗಿ ಮಾಡಿಕೊಂಡರು.

೧೬೫೨ರಲ್ಲಿ ಫಾಕ್ಸನು ಅಲ್ವರ್‌ಸ್ಟನ್ ಎಂಬ ಊರಿನ ದೇವಾಲಯದಲ್ಲಿ ಎದ್ದು ಮಾತಾಡಿದನು. ಅಲ್ಲಿ ಮಾರ್ಗರೆಟ್ ಫೆಲ್ ಎಂಬ ದೊಡ್ಡ ಮನೆತನದ ಗೃಹಿಣಿಯಿದ್ದಳು. ಕ್ರಿಸ್ತನು ಹೀಗೆ ಹೇಳಿದನು, ಅಪೊಸ್ತಲರು ಹಾಗೆ ಹೇಳಿದರು ಎಂದು ನೀವು ಹೇಳುತ್ತೀರಿ. ಸರಿ, ಆದರೆ ನಿನ್ನ ಸ್ವಂತ ಅನುಭವದಿಂದ ನೀನು ಏನು ಹೇಳಬಲ್ಲೆ ಎಂಬುದೇ ಅವನ ಪ್ರಶ್ನೆಯ ಸಾರ. ಆ ಮಾತು ಅವಳ ಎದೆಗೆ ನಾಟಿತು. ತಾವೆಲ್ಲರೂ ವೇದದ ಮಾತುಗಳನ್ನು ಬಾಯಿಂದ ಎತ್ತಿಕೊಂಡು, ಒಳಗೆ ಅವುಗಳ ಗುರುತೇ ಇಲ್ಲದ ಕಳ್ಳರಾಗಿದ್ದೇವೆಂದು ತೋರಿ, ಕೂತಲ್ಲಿಯೇ ಅತ್ತಳೆಂದು ಅವಳೇ ಮುಂದೆ ಬರೆದಿಟ್ಟಳು. ಅದೇ ಹೆಂಗಸು ೧೬೬೬ರಲ್ಲಿ, ಹೆಣ್ಣುಮಕ್ಕಳು ಸಭೆಯಲ್ಲಿ ಮಾತಾಡುವದು ವೇದಕ್ಕೆ ಒಪ್ಪಿದ್ದೆಂದು, ವೇದದಿಂದಲೇ ಆಧಾರಗಳನ್ನು ತೆಗೆದು ಒಂದು ಪುಸ್ತಕವನ್ನು ಪ್ರಕಟಿಸಿದಳು. ಕ್ವೇಕರರು ಪುಸ್ತಕವನ್ನು ಮೂಲೆಗೆ ಇಟ್ಟರೆಂದು ಹೇಳುವವರು ಇದನ್ನು ಮರೆಯಬಾರದು.

ಅವರಲ್ಲಿ ಪಂಡಿತನಾದ ಸ್ಕಾಟ್ಲೆಂಡಿನ ರಾಬರ್ಟ್ ಬಾರ್ಕ್ಲೇ ಎಂಬವನು ೧೬೭೬ರಲ್ಲಿ ಅವರ ಬೋಧನೆಯನ್ನು ಕ್ರಮವಾಗಿ ಬರೆದನು. ವೇದವು ಸೆಲೆಯಿಂದ ಬಂದದ್ದು, ತಾನೇ ಸೆಲೆಯಲ್ಲ ಎಂಬುದು ಅವನ ಅಭಿಪ್ರಾಯ. ಇದು ನಮ್ಮ ಎರೆಸೀಮೆಯವರಿಗೆ ಬೇಗ ತಿಳಿಯುವ ಮಾತು. ಬಾವಿಯ ನೀರನ್ನು ನಾವು ದಿನಾಲೂ ಸೇದಿ ಕುಡಿಯುತ್ತೇವೆ. ಆದರೆ ನೀರು ಬರುವದು ತಳದ ಸೆಲೆಯಿಂದ. ಸೆಲೆಯನ್ನು ಮರೆತು ಬಾವಿಯ ಕಟ್ಟೆಗೆ ಪೂಜೆಮಾಡುವವನು ಹುಚ್ಚನು. ಸೆಲೆಯೇ ಸಾಕೆಂದು ಬಾವಿಗೆ ಮಣ್ಣು ಮುಚ್ಚುವವನು ಇನ್ನೂ ದೊಡ್ಡ ಹುಚ್ಚನು. ಬಾರ್ಕ್ಲೇಯು ಈ ಎರಡನೆಯದನ್ನೂ ಬಲ್ಲವನಾಗಿದ್ದನು. ಆತ್ಮನ ಪ್ರೇರಣೆಯೆಂದು ಹೇಳಿಕೊಂಡು ವೇದಕ್ಕೆ ವಿರೋಧವಾಗಿ ಯಾರು ಏನು ಮಾಡಿದರೂ ಅದನ್ನು ಸೈತಾನನ ಮೋಸವೆಂದೇ ಎಣಿಸಬೇಕೆಂದು ಅವನು ಅಲ್ಲಿಯೇ ಬರೆದಿದ್ದಾನೆ.

ಈ ಮಿತ್ರರು ನಮ್ಮ ದೇಶಕ್ಕೂ ಬಂದರು. ೧೮೬೬ರಲ್ಲಿ ರೇಚಲ್ ಮೆಟ್‌ಕಾಫ್ ಎಂಬಾಕೆಯು ಕಾಶಿಗೆ ಬಂದಿಳಿದಳು. ಮುಂದೆ ನರ್ಮದಾ ತೀರದ ಹೊಶಂಗಾಬಾದಿನ ಸುತ್ತ ಅವರ ಕೆಲಸ ನೆಲೆಗೊಂಡಿತು. ನಮ್ಮ ಭಾಷೆಗೆ ಹತ್ತಿರವಾದ ಮಾತಾಡುವ ಬಡಗರ ನೀಲಗಿರಿಯಲ್ಲಿ, ಮುಂಚೆ ಬಾಸೆಲ್ ಮಿಶನಿನವರೂ ದುಡಿದಿದ್ದ ಆ ಬೆಟ್ಟಗಳ ಕೋಟಗಿರಿಯಲ್ಲಿ, ಮಾರ್ಜರಿ ಸೈಕ್ಸ್ ಎಂಬ ಮಿತ್ರಳು ಬಹುಕಾಲ ವಾಸವಾಗಿದ್ದಳು. ಆಕೆ ೧೯೨೮ರಲ್ಲಿ ಮದ್ರಾಸಿಗೆ ಶಿಕ್ಷಕಿಯಾಗಿ ಬಂದು, ಗಾಂಧೀಜಿಯವರ ಶಿಕ್ಷಣಕಾರ್ಯದಲ್ಲಿಯೂ ಸೇರಿ ದುಡಿದು, ೧೯೯೫ರಲ್ಲಿ ತೀರಿಕೊಂಡಳು.

ಈಗ ಒಂಟಿ ಓದಿನ ಅಪಾಯಕ್ಕೆ ಬರುವೆನು. ಅರಣ್ಯದಲ್ಲಿ ಸೈತಾನನು ಕರ್ತನ ಮುಂದೆ ನಿಂತಾಗ ಅವನ ಬಾಯಲ್ಲಿ ಇದ್ದದ್ದು ಬೈಗಳವಲ್ಲ, ಕೀರ್ತನೆಯ ವಚನವು. ವಚನವು ಸತ್ಯವಾಗಿತ್ತು, ಅದನ್ನು ಹಿಡಿದ ಕೈ ಕೆಟ್ಟದ್ದಾಗಿತ್ತು. ಕ್ವೇಕರರಲ್ಲಿಯೂ ಇಂಥ ಒಂದು ದುಃಖದ ಸಂಗತಿ ನಡೆಯಿತು. ಜೇಮ್ಸ್ ನೇಲರ್ ಎಂಬವನು ಅವರಲ್ಲಿ ಫಾಕ್ಸನಿಗೆ ಸಮಾನನಾದ ಬೋಧಕನು. ಅವನು ೧೬೫೬ರಲ್ಲಿ, ಯೇಸು ಯೆರೂಸಲೇಮಿಗೆ ಬಂದ ರೀತಿಯಲ್ಲಿಯೇ, ಸುತ್ತಲೂ ಜನರು ಸ್ತೋತ್ರ ಹಾಡುತ್ತಿರಲು ಬ್ರಿಸ್ಟಲ್ ಪಟ್ಟಣವನ್ನು ಕುದುರೆಯ ಮೇಲೆ ಪ್ರವೇಶಿಸಿದನು. ತಾನು ಕ್ರಿಸ್ತನೆಂದು ಹೇಳಲಿಲ್ಲ, ಕ್ರಿಸ್ತನು ಒಳಗೆ ಬರುವದಕ್ಕೆ ಇದು ಗುರುತೆಂದೇ ಅವನು ಹೇಳಿದನು. ಆದರೂ ಪಾರ್ಲಿಮೆಂಟು ಅದನ್ನು ದೇವದೂಷಣೆಯೆಂದು ತೀರ್ಪುಮಾಡಿ, ಅವನಿಗೆ ಚಾಟಿಯ ಏಟುಗಳನ್ನು ಹೊಡಿಸಿ, ಹಣೆಗೆ ಬರೆಹಾಕಿ, ನಾಲಿಗೆಯನ್ನು ಕಾಯಿಸಿದ ಕಬ್ಬಿಣದಿಂದ ಚುಚ್ಚಿಸಿತು. ಶಿಕ್ಷೆಯು ಕ್ರೂರವಾದದ್ದು, ಅದನ್ನು ಯಾರೂ ಸಮರ್ಥಿಸಲಾರರು. ಆದರೆ ಅವನು ನಂಬಿದ ಆ ಪ್ರೇರಣೆಯನ್ನು ಶಾಂತವಾಗಿ ಪರೀಕ್ಷಿಸುವ ಮಿತ್ರರು ಆ ದಿವಸ ಅವನ ಸುತ್ತಲೂ ಇರಲಿಲ್ಲ. ಹೊಗಳುವವರು ಮಾತ್ರ ಇದ್ದರು. ಅಂದಿನಿಂದ ಆ ಸಭೆಯವರು, ಒಬ್ಬನಿಗೆ ತೋರಿದ ಬೆಳಕನ್ನು ಮೌನದಲ್ಲಿ ಕೂಡಿ ಕೂತ ಸಭೆಯ ಮುಂದೆ ಇಟ್ಟು ಶೋಧಿಸುವ ಕ್ರಮವನ್ನು ಹೆಚ್ಚು ಗಟ್ಟಿಮಾಡಿಕೊಂಡರು.

ಪರದೇಶದ ದೃಷ್ಟಾಂತ ಸಾಕು. ನನ್ನ ಸ್ವಂತ ತಪ್ಪನ್ನು ಹೇಳುವೆನು. ಹೇಳದಿದ್ದರೆ ಈ ಲೇಖನವನ್ನು ಬರೆಯುವ ಹಕ್ಕು ನನಗಿಲ್ಲ.

ನನ್ನ ಅಣ್ಣನಿಗೂ ನನಗೂ ಕುಬಿಹಾಳದಲ್ಲಿ ಒಂದಕ್ಕೊಂದು ಹತ್ತಿದ ಎರೆಹೊಲಗಳಿವೆ. ಎರೆಮಣ್ಣಿನ ಸ್ವಭಾವ ನಿಮಗೆಲ್ಲಾ ಗೊತ್ತು. ಬೇಸಿಗೆಯಲ್ಲಿ ಬಿರುಕುಬಿಡುತ್ತದೆ, ಮಳೆಯಲ್ಲಿ ಹರಿದುಹೋಗುತ್ತದೆ. ಬದುವು ಇದ್ದಲ್ಲಿ ಇರುವದಿಲ್ಲ. ಒಂದು ವರ್ಷ ದೊಡ್ಡ ಮಳೆಯಾಗಿ ಬದುವು ಕೊಚ್ಚಿಹೋಯಿತು, ಬಾಂದಕಲ್ಲು ಮಣ್ಣಿನಲ್ಲಿ ಹೂತುಹೋಯಿತು. ಹಿಂಗಾರಿ ಜೋಳದ ಬಿತ್ತಿಗೆಯಲ್ಲಿ ಅಣ್ಣನ ಕೂರಿಗೆಯು ಮೂರು ಮಾರು ನನ್ನ ಕಡೆಗೆ ಬಂದಿತೆಂದು ನನಗೆ ತೋರಿತು. ಆ ರಾತ್ರಿ ನಾನು ಸತ್ಯವೇದವನ್ನು ತೆರೆದೆನು. ದೇವರ ಚಿತ್ತವನ್ನು ತಿಳಿಯಬೇಕೆಂದು ತೆರೆದೆನೆಂದು ಆಗ ನನಗೆ ನಾನೇ ಹೇಳಿಕೊಂಡೆನು. ಜ್ಞಾನೋಕ್ತಿಗಳ ೨೨ನೆಯ ಅಧ್ಯಾಯದಲ್ಲಿ, ಹಿರಿಯರು ನೆಟ್ಟ ಎಲ್ಲೆಯ ಕಲ್ಲನ್ನು ಕದಲಿಸಬಾರದೆಂಬ ೨೮ನೆಯ ವಚನವು ಸಿಕ್ಕಿತು. ಅದಕ್ಕೆ ಕೆಂಪು ಗೀಟು ಎಳೆದೆನು. ಮಾರನೆಯ ದಿವಸ ಅದನ್ನು ಅಣ್ಣನ ಮನೆಯ ಅಂಗಳದಲ್ಲಿ ನಿಂತು, ನೆರೆಯವರೆಲ್ಲರೂ ಕೇಳುವಂತೆ ಓದಿದೆನು.

ನಾಲ್ಕು ವರ್ಷ ನಮ್ಮಿಬ್ಬರಿಗೂ ಮಾತಿರಲಿಲ್ಲ. ಒಂದೇ ದೇವಾಲಯದಲ್ಲಿ ಎರಡು ಕಡೆಗೆ ಕೂತೆವು. ಅವನು ಕರ್ತನ ಭೋಜನಕ್ಕೆ ಎದ್ದ ದಿವಸ ನಾನು ಏಳಲಿಲ್ಲ. ಮೂರನೆಯ ವರ್ಷದಲ್ಲಿ ನಮ್ಮ ತಾಯಿ ತೀರಿಕೊಂಡಳು. ಸಮಾಧಿಯ ಕುಣಿಗೆ ಅವನು ಒಂದು ದಂಡೆಯಿಂದ ಮಣ್ಣು ಹಾಕಿದನು, ನಾನು ಮತ್ತೊಂದು ದಂಡೆಯಿಂದ ಹಾಕಿದೆನು. ಇಷ್ಟಾದರೂ ಆ ಕೆಂಪು ಗೀಟನ್ನು ನೋಡಿದಾಗಲೆಲ್ಲಾ ದೇವರು ನನ್ನ ಪಕ್ಷದಲ್ಲಿದ್ದಾನೆಂದು ನನಗೆ ಸಮಾಧಾನವಾಗುತ್ತಿತ್ತು.

ನಾಲ್ಕನೆಯ ವರ್ಷ, ತಾಯಿಯ ನೆನಪಿಗಾಗಿ ಕೂಡಿದ ಮನೆಕೂಟದಲ್ಲಿ, ಊರ ಹಿರಿಯರ ಮಾತಿಗೆ ಕಟ್ಟುಬಿದ್ದು ನಾನೂ ಹೋಗಿ ಕೂತೆನು. ಆದಿಕಾಂಡದ ೧೩ನೆಯ ಅಧ್ಯಾಯ, ಅಬ್ರಾಮನೂ ಲೋಟನೂ ಹುಲ್ಲುಗಾವಲಿಗಾಗಿ ಜಗಳವಾದಾಗ ಬೇರೆಯಾದ ವೃತ್ತಾಂತವನ್ನು ಓದಿದರು. ಓದಿದ ಮೇಲೆ ಎಲ್ಲರೂ ಕೊಂಚ ಹೊತ್ತು ಸುಮ್ಮನೆ ಕೂತರು. ನನಗೆ ತಡೆಯಲಾಗಲಿಲ್ಲ. "ನೋಡಿರಿ, ಅಬ್ರಾಮನು ಹಿರಿಯನಾಗಿದ್ದು ಕಿರಿಯನಿಗೆ ಭೂಮಿಯನ್ನು ಆರಿಸಿಕೋ ಎಂದು ಬಿಟ್ಟುಕೊಟ್ಟನು. ಹಿರಿಯನಾದವನು ಬಿಟ್ಟುಕೊಡಬೇಕು" ಎಂದು ಹೇಳಿದೆನು. ಆಗ ನನ್ನ ಅತ್ತಿಗೆಯು ತಲೆಯೆತ್ತಿದಳು. ಅವಳಿಗೆ ಓದು ಬಾರದು. ವೇದವನ್ನು ಕಿವಿಯಿಂದ ಕೇಳಿಯೇ ಬಲ್ಲವಳು. "ತಮ್ಮಾ," ಅಂದಳು, "ಆವತ್ತಿನ ಕಲ್ಲಿನ ಮಾತೂ ನಿಮ್ಮ ಅಣ್ಣಗ, ಇವತ್ತಿನ ಅಬ್ರಾಮನ ಮಾತೂ ನಿಮ್ಮ ಅಣ್ಣಗ. ಇಷ್ಟು ದೊಡ್ಡ ಪುಸ್ತಕದಾಗ ನಿನಗ ಅಂತ ಒಂದು ಮಾತೂ ಇಲ್ಲೇನು?"

ಯಾರೂ ಮಾತಾಡಲಿಲ್ಲ. ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆ ಬಂತು. ಎದ್ದು ಹೋಗಬೇಕೆಂದೆನು, ಕಾಲು ಬರಲಿಲ್ಲ. ಮಾರ್ಗರೆಟ್ ಫೆಲ್ಲಳ ವೃತ್ತಾಂತವನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ಓದಿದಾಗ, ಫಾಕ್ಸನು ಆ ದೇವಾಲಯದಲ್ಲಿ ಕೇಳಿದ್ದನ್ನು ನಮ್ಮ ಅತ್ತಿಗೆಯು ನನ್ನನ್ನು ನಮ್ಮ ಮಾತಿನಲ್ಲಿ ಮೊದಲೇ ಕೇಳಿದ್ದಳೆಂದು ತಿಳಿಯಿತು.

ಕಡೆಗೆ ಮೋಜಣಿ ಮಾಡಿಸಿ ಅಗೆದು ನೋಡಿದಾಗ ಬಾಂದಕಲ್ಲು ನಾನು ಹೇಳಿದ ಜಾಗದಲ್ಲಿಯೇ ಸಿಕ್ಕಿತು. ಇದನ್ನು ನಾನು ಮುಚ್ಚಿಡಬಾರದು, ಯಾಕಂದರೆ ಈ ಸಂಗತಿಯ ತಿರುಳು ಇಲ್ಲಿಯೇ ಇದೆ. ವಚನವು ಸತ್ಯವಾಗಿತ್ತು, ಕಲ್ಲಿನ ವಿಷಯದಲ್ಲಿ ನನ್ನ ಮಾತು ಸರಿಯಾಗಿತ್ತು, ಆದರೂ ನನ್ನ ಓದು ತಪ್ಪಾಗಿತ್ತು. ನಾನು ವೇದದ ಬಳಿಗೆ ಕೇಳುವದಕ್ಕೆ ಹೋಗಲಿಲ್ಲ, ಸಾಕ್ಷಿಗೆ ಕರೆಯುವದಕ್ಕೆ ಹೋದೆನು. ಸಾಕ್ಷಿಯು ತನಗೆ ಕೇಳಿದಷ್ಟನ್ನು ಹೇಳಿತು. ಸಹೋದರನಿಗೆ ನಮ್ಮ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಸಮಾಧಾನವಾಗಬೇಕೆಂದು ಮತ್ತಾಯನ ೫ನೆಯ ಅಧ್ಯಾಯದಲ್ಲಿ ಕರ್ತನು ಹೇಳಿದ್ದೂ ಅದೇ ಪುಸ್ತಕದಲ್ಲಿಯೇ ಇತ್ತು. ನಾಲ್ಕು ವರ್ಷಗಳಲ್ಲಿ ಆ ಹಾಳೆಯನ್ನು ನಾನು ಎಷ್ಟೋ ಸಾರೆ ದಾಟಿದ್ದೆನು. ಅಲ್ಲಿ ಗೀಟು ಎಳೆಯಲಿಲ್ಲ.

ಇಲ್ಲಿ ಒಬ್ಬರು ಹೀಗೆ ಕೇಳಾರು: "ಹಾಗಾದರೆ ಸಭೆ ಹೇಳಿದ್ದೇ ಸರಿಯೋ? ಸಭೆಯೆಲ್ಲಾ ಕೂಡಿ ತಪ್ಪಿದರೆ?" ಇದು ನ್ಯಾಯವಾದ ಪ್ರಶ್ನೆ. ಇದಕ್ಕೂ ಮಿತ್ರರ ಚರಿತ್ರೆಯಲ್ಲಿ ಉತ್ತರವಿದೆ. ಅಮೇರಿಕೆಯ ಕ್ವೇಕರರಲ್ಲಿ ಅನೇಕರು ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಆ ದೇಶದ ಕ್ರೈಸ್ತರಲ್ಲಿ ಬಹುಮಂದಿ ಅದಕ್ಕೆ ನೋಹನ ಶಾಪದ ವಚನವನ್ನು ಆಧಾರವಾಗಿ ತೋರಿಸುತ್ತಿದ್ದರು. ೧೭೨೦ರಲ್ಲಿ ಹುಟ್ಟಿದ ಜಾನ್ ವುಲ್‌ಮನ್ ಎಂಬವನು ಯೌವನದಲ್ಲಿ ಒಂದು ಅಂಗಡಿಯಲ್ಲಿ ಚಾಕರಿ ಮಾಡುತ್ತಿರುವಾಗ, ಒಬ್ಬ ಗುಲಾಮ ಹೆಂಗಸನ್ನು ಮಾರಿದ ಕ್ರಯಪತ್ರವನ್ನು ಬರೆಯಲು ಯಜಮಾನನು ಹೇಳಿದನು. ಬರೆದನು, ಆದರೆ ಮನಸ್ಸು ಚುಚ್ಚಿತು. ಇದು ಕ್ರೈಸ್ತಧರ್ಮಕ್ಕೆ ಒಪ್ಪುವದಿಲ್ಲವೆಂದು ಆ ಯಜಮಾನನಿಗೂ ಕೊಂಡವನಿಗೂ ಹೇಳಿದನು. ಮುಂದೆ ಅಂಥ ಪತ್ರಗಳನ್ನು ಬರೆಯಲಿಲ್ಲ. ಆ ದಿವಸ ಬಹುಜನರು ಅವನ ಪಕ್ಷದಲ್ಲಿರಲಿಲ್ಲ. ಅವನು ಸಭೆಯನ್ನು ಬಿಟ್ಟು ಹೋಗಲಿಲ್ಲ, ಸಭೆಯನ್ನು ಬೈಯಲೂ ಇಲ್ಲ. ಮನೆಮನೆಗೆ ನಡೆದು, ಗುಲಾಮರುಳ್ಳ ಸಹೋದರರ ಬಳಿ ಕೂತು, ತನಗೆ ತೋರಿದ್ದನ್ನು ಅವರ ಮುಂದೆ ಇಟ್ಟನು. ೧೭೫೮ರಲ್ಲಿ ಫಿಲದೆಲ್ಫಿಯದ ವಾರ್ಷಿಕ ಸಭೆಯು ಗುಲಾಮರನ್ನು ಇಟ್ಟುಕೊಂಡವರ ಮನೆಗಳಿಗೆ ಹೋಗಿ ಮಾತಾಡಲು ಕೆಲವರನ್ನು ನೇಮಿಸಿತು. ೧೭೭೬ರಲ್ಲಿ, ವುಲ್‌ಮನ್ ಸತ್ತು ನಾಲ್ಕು ವರ್ಷಗಳಾದ ಮೇಲೆ, ಗುಲಾಮರನ್ನು ಬಿಡದವನಿಗೆ ತಮ್ಮಲ್ಲಿ ಸ್ಥಳವಿಲ್ಲವೆಂದು ಅದೇ ಸಭೆಯು ನಿರ್ಣಯಿಸಿತು. ಒಬ್ಬನ ಬೆಳಕು ಎಲ್ಲರ ಬೆಳಕಾಗುವದಕ್ಕೆ ಮೂವತ್ತು ವರ್ಷಗಳಿಗಿಂತ ಹೆಚ್ಚು ಹಿಡಿಯಿತು.

ಹೀಗೆ ನೇಲರನೂ ಒಂಟಿಯಾಗಿ ಕಂಡದ್ದನ್ನು ನಂಬಿದನು, ವುಲ್‌ಮನ್ನನೂ ನಂಬಿದನು. ಇವರಿಬ್ಬರಿಗೂ ಭೇದವೇನು? ತನಗೆ ಖರ್ಚು ತರುವ ಓದು ಸರಿ, ಮತ್ತೊಬ್ಬನಿಗೆ ಖರ್ಚು ತರುವ ಓದು ತಪ್ಪು ಎಂದು ಹೇಳಿಬಿಡಬಹುದೋ? ಅದು ಒಳ್ಳೇ ಗುರುತು. ನನ್ನ ಬದುವಿನ ಜಗಳಕ್ಕೆ ಅದೇ ಸಾಕಾಗಿತ್ತು. ಆದರೆ ಪೂರ್ಣ ಗುರುತಲ್ಲ, ಯಾಕಂದರೆ ನೇಲರನೂ ತನ್ನ ನಾಲಿಗೆಯಿಂದಲೇ ಬೆಲೆ ಕೊಟ್ಟನು. ಆದಕಾರಣ ಇನ್ನೂ ಕೆಲವನ್ನು ಕೂಡಿಸಿ ನೋಡಬೇಕು. ವುಲ್‌ಮನ್ನನು ವೇದದ ಒಂದು ತುಂಡನ್ನಲ್ಲ, ನೆರೆಯವನ ಪ್ರೀತಿಯೆಂಬ ಅದರ ಇಡೀ ಭಾರವನ್ನು ಆಧಾರವಾಗಿ ಹಿಡಿದನು. ತನ್ನನ್ನು ದೊಡ್ಡವನನ್ನಾಗಿ ತೋರಿಸಿಕೊಳ್ಳಲಿಲ್ಲ. ಕಂಡದ್ದನ್ನು ಮತ್ತೊಬ್ಬರು ಶೋಧಿಸುವದಕ್ಕೆ ಒಪ್ಪಿಸಿದನು, ಕಾದನು. ಈ ಕಾಯುವಿಕೆಯು ನಮ್ಮಲ್ಲಿ ಬಹಳ ಕಡಿಮೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೧೪ನೆಯ ಅಧ್ಯಾಯದಲ್ಲಿ, ಪ್ರವಾದಿಗಳು ಇಬ್ಬರು ಮೂವರು ಮಾತಾಡಲಿ, ಉಳಿದವರು ವಿವೇಚಿಸಲಿ ಎಂಬ ಅರ್ಥದಿಂದ ಬರೆದನು. ಮಾತಾಡುವವನಿಗೆ ವಿವೇಚಿಸುವವರು ಬೇಕು, ವಿವೇಚಿಸುವವರಿಗೆ ಮಾತಾಡುವವನೂ ಬೇಕು.

ಖರ್ಚಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳುವೆನು. ಆಣೆಯಿಡಲೇಬಾರದೆಂದು ಕರ್ತನು ಮತ್ತಾಯನ ೫ನೆಯ ಅಧ್ಯಾಯದಲ್ಲಿ ಹೇಳಿದ್ದನ್ನು ಕ್ವೇಕರರು ಇದ್ದಂತೆಯೇ ಓದಿದರು. ಅದಕ್ಕಾಗಿ ೧೬೬೨ರ ಕಾನೂನಿನ ಕೆಳಗೆ ಸೆರೆಮನೆಯನ್ನೂ ದಂಡವನ್ನೂ ಅನುಭವಿಸಿದರು. ಆ ಶತಮಾನದ ಕಡೆಗೆ ಇಂಗ್ಲೆಂಡಿನ ಕಾನೂನು, ಆಣೆಗೆ ಬದಲಾಗಿ ಸತ್ಯವನ್ನೇ ಹೇಳುವೆನೆಂಬ ಗಂಭೀರವಾದ ಮಾತನ್ನು ಅವರಿಂದ ಒಪ್ಪಿಕೊಂಡಿತು. ನಮ್ಮ ದೇಶದಲ್ಲಿಯೂ ೧೯೬೯ರ ಪ್ರಮಾಣ ಕಾಯ್ದೆಯ ಪ್ರಕಾರ ಸಾಕ್ಷಿದಾರನು ಆಣೆಯಿಡದೆ ಹಾಗೆ ದೃಢವಚನ ಕೊಡಬಹುದು. ನಮ್ಮಲ್ಲಿ ಎಷ್ಟು ಮಂದಿ ಆ ವಚನವನ್ನು ಓದಿ, ಸಂತೆಯಲ್ಲಿ ಮೆಣಸಿನಕಾಯಿಯ ತೂಕಕ್ಕೆ ದೇವರ ಆಣೆ ಇಡುತ್ತೇವೆ?

ಮಿತ್ರರ ಸಭೆಯಲ್ಲಿ ನಾವು ಹಿಂಬಾಲಿಸದ ಸಂಗತಿಗಳೂ ಉಂಟು. ಅವರು ನೀರಿನ ದೀಕ್ಷಾಸ್ನಾನವನ್ನೂ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸವನ್ನೂ ಹೊರಗಿನ ಆಚಾರವಾಗಿ ಇಟ್ಟುಕೊಳ್ಳಲಿಲ್ಲ. ಆ ಭೋಜನಕ್ಕೆ ನಾಲ್ಕು ವರ್ಷ ಏಳದೆ ಉಳಿದ ನಾನು, ಅದರ ಬೆಲೆಯನ್ನು ಬಲ್ಲೆನು, ಅದನ್ನು ಬಿಡಲಾರೆನು. ಇದಲ್ಲದೆ ೧೮೨೭ರಲ್ಲಿ ಅಮೇರಿಕೆಯಲ್ಲಿ ಅವರೂ ಎರಡಾಗಿ ಒಡೆದರು. ಒಳಗಣ ಬೆಳಕಿಗೆ ಒಂದು ಪಕ್ಷವು ಹೆಚ್ಚು ಒತ್ತುಕೊಟ್ಟಿತು, ಬರೆದ ವೇದಕ್ಕೆ ಮತ್ತೊಂದು ಪಕ್ಷವು ಹೆಚ್ಚು ಒತ್ತುಕೊಟ್ಟಿತು. ಕೂಡಿ ಶೋಧಿಸುವದನ್ನು ಲೋಕಕ್ಕೆ ಕಲಿಸಿದವರಿಗೂ ಕೂಡಿ ಕೂಡ್ರುವದು ಕಷ್ಟವಾಯಿತು. ಆದಕಾರಣ ಯಾವ ಕ್ರಮವೂ ತಾನೇ ನಮ್ಮನ್ನು ಕಾಪಾಡೀತೆಂದು ನಂಬಬಾರದು.

ಆದರೂ ಅವರಿಂದ ಕಲಿಯಬಹುದಾದ ಒಂದು ಓದುವ ರೀತಿಯನ್ನು, ನಮ್ಮ ಹಳ್ಳಿಗೆ ಹೊಂದುವಂತೆ, ಹೇಳುವೆನು. ದಿನಾಲೂ ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ, ಇಲ್ಲವೆ ರಾತ್ರಿ ಉಂಡ ಮೇಲೆ, ಒಂದು ಚಿಕ್ಕ ಭಾಗವನ್ನು ನೀವೇ ಓದಿರಿ. ಕಣ್ಣುಮುಚ್ಚಿ ಪುಸ್ತಕ ತೆರೆದು ಬೆರಳಿಟ್ಟ ವಚನವನ್ನು ಶಕುನದಂತೆ ಹಿಡಿಯಬೇಡಿರಿ. ಒಂದು ಗ್ರಂಥವನ್ನು ಮೊದಲಿನಿಂದ ಕಡೆಯ ವರೆಗೆ ಸಾಲಾಗಿ ಓದಿರಿ, ಆಗ ನಿಮಗೆ ಬೇಡವಾದ ವಚನಗಳೂ ಎದುರಾಗುವವು. ಓದಿದ ಮೇಲೆ ಕೂಡಲೇ ಬಾಯಿ ತೆರೆಯದೆ ಸ್ವಲ್ಪ ಹೊತ್ತು ಸುಮ್ಮನಿರಿ. ಬಳಿಕ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ಇಲ್ಲಿ ನಿಜವಾಗಿ ಏನು ಬರೆದದೆ? ಇದರಲ್ಲಿ ನನಗೆ ಸಿಹಿಯಾದದ್ದು ಯಾವದು, ಕಹಿಯಾದದ್ದು ಯಾವದು? ಇದು ಸತ್ಯವೆಂದು ನನ್ನ ಬಾಳಿನಲ್ಲಿ ನಾನು ಎಲ್ಲಿಯಾದರೂ ಕಂಡದ್ದುಂಟೋ? ಇದರಂತೆ ನಡೆದರೆ ನಾಳೆ ಯಾರ ಮನೆಯ ಬಾಗಿಲಿಗೆ ನಾನು ಹೋಗಬೇಕಾದೀತು?

ವಾರಕ್ಕೊಮ್ಮೆ ನಾಲ್ಕಾರು ಮಂದಿ ಒಬ್ಬರ ಮನೆಯಲ್ಲಿ ಕೂಡಿರಿ. ಓದಬಲ್ಲವನು ನಿಧಾನವಾಗಿ ಎರಡು ಸಾರೆ ಓದಲಿ, ಓದು ಬಾರದವರು ಮೊದಲು ಮಾತಾಡಲಿ. ಈ ನಿಯಮವನ್ನು ನಾನು ನಮ್ಮ ಅತ್ತಿಗೆಯಿಂದ ಕಲಿತೆನು. ಒಬ್ಬರು ಹೇಳಿದ್ದಕ್ಕೆ ಮತ್ತೊಬ್ಬರು ಕೂಡಲೇ ಉತ್ತರ ಕೊಡಬೇಡಿರಿ. ವಾದಕ್ಕೆ ಸಂತೆಯಿದೆ, ಪಂಚಾಯತಿಯಿದೆ. ತಿಳಿಯದ ಮಾತು ಬಂದರೆ ಗುರುತುಮಾಡಿಟ್ಟು ಉಪದೇಶಿಯನ್ನು ಕೇಳಿರಿ. ಹೀಗೆ ಓದುವ ಸಭೆಯು ಉಪದೇಶಿಗೆ ಶತ್ರುವಲ್ಲ. ತೆರೆದ ಪುಸ್ತಕದ ಬಳಿಗೆ ಬಂದ ಫಿಲಿಪ್ಪನ ಸಂತೋಷವು ಅವನಿಗೂ ಸಿಕ್ಕೀತು.

ಮೊದಲು ಕೇಳಿದ ಪ್ರಶ್ನೆಗೆ ಈಗ ನನ್ನ ಉತ್ತರವಿದು. ನೀನೊಬ್ಬನೇ ಓದಬಹುದು; ಓದಲೇಬೇಕು, ಯಾಕಂದರೆ ನಿನ್ನ ಲೆಕ್ಕವನ್ನು ದೇವರ ಮುಂದೆ ಮತ್ತೊಬ್ಬನು ಒಪ್ಪಿಸಲಾರನು. ಆದರೆ ನೀನು ಓದಿದ್ದನ್ನು ನೀನೊಬ್ಬನೇ ತೀರ್ಪುಮಾಡಬೇಡ. ವಿಶೇಷವಾಗಿ ಆ ತೀರ್ಪಿನಿಂದ ಲಾಭವು ನಿನಗೂ ನಷ್ಟವು ನಿನ್ನ ಸಹೋದರನಿಗೂ ಆಗುವದಾದರೆ.

ಬದುವನ್ನು ನಾನೂ ಅಣ್ಣನೂ ಕೂಡಿ ಕಟ್ಟಿದೆವು. ಕಲ್ಲು ಇದ್ದಲ್ಲಿಯೇ ಇದೆ. ಪ್ರತಿ ವರ್ಷವೂ ಮಳೆಗೆ ಬದುವು ಸ್ವಲ್ಪ ಸ್ವಲ್ಪ ಹರಿಯುತ್ತದೆ, ಪ್ರತಿ ವರ್ಷವೂ ಬಿತ್ತಿಗೆಗೆ ಮುಂಚೆ ಇಬ್ಬರೂ ಹೋಗಿ ಮಣ್ಣು ಹಾಕುತ್ತೇವೆ. ಅಣ್ಣನಿಗೆ ಈಗ ವಯಸ್ಸಾಗಿದೆ. ಗುದ್ದಲಿ ಹೊಡೆಯುವದು ನಾನು, ಬುಟ್ಟಿ ಎತ್ತಿಕೊಡುವದು ಅವನು. ನನ್ನ ಸತ್ಯವೇದದಲ್ಲಿ ಆ ಕೆಂಪು ಗೀಟು ಇನ್ನೂ ಇದೆ. ಅಳಿಸಬೇಕೆಂದು ಒಮ್ಮೆ ಯೋಚಿಸಿದೆನು, ಅಳಿಸಲಿಲ್ಲ. ಆ ಹಾಳೆಗೆ ಬಂದಾಗಲೆಲ್ಲಾ ನಿಂತು, ಈ ಹೊತ್ತಿನ ಮಾತು ಯಾರಿಗೆಂದು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ನಿಮ್ಮ ಪುಸ್ತಕದಲ್ಲಿಯೂ ಅಂಥ ಗೀಟು ಎಲ್ಲಿಯಾದರೂ ಇದ್ದರೆ, ಪ್ರಿಯರೇ, ಈ ರಾತ್ರಿ ದೀಪದ ಹತ್ತಿರ ಕೂತು ಆ ಹಾಳೆಯನ್ನು ಮತ್ತೊಮ್ಮೆ ಓದಿರಿ. ಓದುವವರಿಗೂ ಕೇಳುವವರಿಗೂ ಕರ್ತನು ತನ್ನ ಬೆಳಕನ್ನು ಕೊಡಲಿ.